ಅರ್ಜಿಯ ಮೂರನೇ ಅಂಶ

ಬಾವಿಕಟ್ಟೆ ರಸ್ತೆಯೂ ಏಳನೇ ಅಡ್ಡರಸ್ತೆಯೂ ಕೂಡುವ ಕಡೆ ಹಾಲಿನ ವ್ಯಾನೊಂದು ನಟ್ಟನಡುವೆ ನಿಂತುಬಿಟ್ಟು, ಹಿಂದಿನಿಂದ ಬಂದ ಸ್ಕೂಟರ್ ಅದಕ್ಕೆ ಗುದ್ದಿ, ಪ್ರೈಮರಿ ಶಾಲೆಯ ವಾರಿಜಾ ಟೀಚರ ಬಲಗೈ ಮುರಿದ ಮೇಲೆ ನಮ್ಮ ಕಚೇರಿಗೆ ಎಚ್ಚರವಾಯಿತು. ಸ್ಥಳ ಪರಿಶೀಲನೆ ಮಾಡಿ ವಾರದೊಳಗೆ ವರದಿ ಸಲ್ಲಿಸಬೇಕೆಂದು ನನಗೆ ಆದೇಶ ಬಂತು. ನಾನು ಪುರಸಭೆಯ ರಸ್ತೆ ವಿಭಾಗದಲ್ಲಿ ಹದಿನೇಳು ವರ್ಷಗಳಿಂದ ಹಂಪು, ಬೋರ್ಡು, ಹಳದಿ ಪಟ್ಟೆಗಳ ನಡುವೆಯೇ ಬದುಕಿದವಳು. ಖಡಕ್ ಹೆಂಗಸು ಎಂದು ಹೆಸರಿದೆ. ಆ ಹೆಸರು ಬಂದದ್ದು ನಾನು ಕಡತಗಳನ್ನು ಅರ್ಧಕ್ಕೆ ಮುಚ್ಚುವುದಿಲ್ಲ ಎನ್ನುವ ಒಂದೇ ಕಾರಣಕ್ಕೆ.

ಈ ಕಡತದ ಒಳಗೆ ಒಂದು ಅರ್ಜಿಯೂ ಇತ್ತು. ಕೂಡುರಸ್ತೆಯ ಮೂಲೆಮನೆಯ ಗುಣವತಿ ಎಂಬವರು ಬರೆದದ್ದು, ದುಂಡಗಿನ ಅಕ್ಷರ. ಒಂದನೇ ಅಂಶ: ಕೂಡುರಸ್ತೆಯಲ್ಲಿ ವಾಹನಗಳು ನಡುವೆ ನಿಲ್ಲುತ್ತಿದ್ದು ಜನರಿಗೆ ತೊಂದರೆಯಾಗುತ್ತಿದೆ. ಎರಡನೇ ಅಂಶ: ಬೆಳಗಿನ ಹೊತ್ತು ಕೂಗುವವರು ಒಬ್ಬರೇ ಇರುವುದರಿಂದ ತಡವಾಗುತ್ತಿದೆ. ಮೂರನೇ ಅಂಶ: ಹನ್ನೊಂದು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಗುರುವಾರ ಬೆಳಗ್ಗೆ, ಸದರಿ ಸ್ಥಳದಲ್ಲಿ ನಾನು ಎಲ್ಲಿಗೆ ಹೊರಟಿದ್ದೆ ಎಂಬುದನ್ನು ಪರಿಶೀಲಿಸಿ ತಿಳಿಸಬೇಕು.

ನಮ್ಮ ಸಾಹೇಬರು ಮೂರನೇ ಅಂಶ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ನಮ್ಮ ವ್ಯಾಪ್ತಿಗೆ ಬರಲ್ಲ ಅಂತ ಒಂದು ಸಾಲು ಗೀಚಿ ಕೈ ತೊಳ್ಕೊಳ್ಳಿ" ಎಂದರು. ಬರುತ್ತದೋ ಇಲ್ಲವೋ ಎನ್ನುವುದನ್ನು ಸ್ಥಳದಲ್ಲಿ ನೋಡಿ ಹೇಳುತ್ತೇನೆ ಎಂದು ನಾನು ಕಡತವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೆ.

ಆ ಕೂಡುರಸ್ತೆಯ ನಡುವಿಗೆ ಬಂದವರಿಗೆ ತಾವು ಎಲ್ಲಿಗೆ ಹೊರಟಿದ್ದೆವು ಎನ್ನುವುದು ಮರೆತುಹೋಗುತ್ತದೆ. ಬೇರೆ ಏನೂ ಮರೆಯುವುದಿಲ್ಲ. ಸ್ವಂತ ಹೆಸರು, ಮನೆ, ಯಾರ ಜೊತೆ ಮಾತು ಬಿಟ್ಟಿದ್ದೇವೆ ಎನ್ನುವುದು, ಎಲ್ಲ ಸರಿಯಾಗಿರುತ್ತದೆ. ಹೋಗಬೇಕಾದ ಜಾಗ ಮತ್ತು ಅಲ್ಲಿ ಇದ್ದ ಕೆಲಸ, ಇವೆರಡು ಮಾತ್ರ ಇರುವುದಿಲ್ಲ. ಅಲ್ಲೇ ನಿಂತಿರುವಾಗ ಇನ್ನೊಬ್ಬರ ಬಾಯಿಂದ, ತಮಗೆಂದೇ, ಆ ಜಾಗದ ಹೆಸರು ಕಿವಿಗೆ ಬಿದ್ದರೆ ಉಳಿದದ್ದು ತಾನಾಗಿ ಬರುತ್ತದೆ. ಬೀಳದಿದ್ದರೆ ಇಲ್ಲ. ಚೀಟಿ ಬರೆದಿಟ್ಟುಕೊಂಡು ಹೋಗಿ ನೋಡಿದವರಿದ್ದಾರೆ. ನಡುವೆ ನಿಂತು ಚೀಟಿ ಓದಿದರೆ ಅದು ಯಾರದೋ ಮನೆಯ ವಿಷಯ ಎನ್ನಿಸಿ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾರಂತೆ. ಅಂಚು ಹಿಡಿದು ನುಸುಳಿದವರೂ ತಪ್ಪಿಸಿಕೊಂಡಿಲ್ಲ. ಬಳಸು ದಾರಿಯೂ ಇಲ್ಲ. ಏಳನೇ ಅಡ್ಡರಸ್ತೆ ಕೆರೆ ಏರಿಗೆ ಹೋಗಿ ನಿಲ್ಲುತ್ತದೆ, ಅಲ್ಲಿನ ನೂರಿಪ್ಪತ್ತು ಮನೆಯವರು ಬ್ಯಾಂಕಿಗಾಗಲಿ ಬಸುರಿ ಪರೀಕ್ಷೆಗಾಗಲಿ ಈ ನಡುವನ್ನು ದಾಟಿಯೇ ಹೋಗಬೇಕು.

ಹಾಗಾಗಿ ಕೂಗುವವರು. ಮೂಲೆಯಲ್ಲಿ ಹಾಲೇಶಪ್ಪ ಎನ್ನುವವರ ಇಸ್ತ್ರಿ ಗಾಡಿ ಇದೆ. ಅರವತ್ತೆರಡರ ವಯಸ್ಸು, ಎತ್ತರದ ಆಳು, ಇಸ್ತ್ರಿ ಮಾಡುವವರಾದರೂ ತಮ್ಮ ಅಂಗಿ ಮಾತ್ರ ಸದಾ ಮುದ್ದೆ. ರಸ್ತೆಗೆ ಇಳಿಯುವ ಮೊದಲು ಜನ ಅವರಿಗೆ ಹೇಳುತ್ತಾರೆ: "ಹಾಲೇಶಪ್ಪ, ಬ್ಯಾಂಕು." "ಹಾಲೇಶಪ್ಪ, ನಮ್ಮಕ್ಕನ ಮನೆ." ನಾಲ್ಕು ಹೆಜ್ಜೆ ಹೋಗಿ ನಿಂತು ಕಣ್ಣು ಪಿಳಿಪಿಳಿ ಬಿಡುತ್ತಾರೆ. ಹಾಲೇಶಪ್ಪ ಬಟ್ಟೆಯಿಂದ ತಲೆ ಎತ್ತದೆ ಕೂಗುತ್ತಾರೆ: "ಬ್ಯಾಂಕು!" "ಅಕ್ಕನ ಮನೆ!" ಅವರು ಹೋಗುತ್ತಾರೆ. ಆಚೆ ಮೂರು ದಿಕ್ಕಿನಿಂದ ಬರುವವರು ಆಚೆಯಿಂದಲೇ ಹಾಲೇಶಪ್ಪನವರಿಗೆ ಕೂಗಿ ಹೇಳುತ್ತಾರೆ. ಒಬ್ಬರಿಗೆ ಒಂದೇ ಸಲ ಕೂಗುವುದು, ಕೂಗಿದ್ದನ್ನು ತಿದ್ದಿ ಮತ್ತೆ ಕೂಗಬಾರದು, ಇದು ಅಲ್ಲಿನ ಕಟ್ಟುನಿಟ್ಟು. ಹಿಂದೊಮ್ಮೆ ಯಾರೋ ಎರಡು ಸಲ ಕೂಗಿ, ಒಬ್ಬ ಸೈಕಲ್ಲಿನವ ಅತ್ತ ಹೋಗಲೋ ಇತ್ತ ಹೋಗಲೋ ಎಂದು ನಡುವೆಯೇ ಗಿರಕಿ ಹೊಡೆದು ಲಾರಿಗೆ ಸಿಕ್ಕಿದ್ದನಂತೆ.

ನಮ್ಮ ಕಚೇರಿಯವರು ಅಲ್ಲಿ ಏನೂ ಮಾಡಿಲ್ಲ ಎನ್ನುವ ಹಾಗಿಲ್ಲ. ನನಗಿಂತ ಮುಂಚೆ ಇದ್ದವರು ತಿರುವಿನಲ್ಲಿ ಒಂದು ಉಬ್ಬುಕನ್ನಡಿ ಹಾಕಿಸಿದ್ದರು. ನಡುವೆ ನಿಂತ ಜನ ಕೂಗು ಕೇಳಿದ ಮೇಲೂ ಕನ್ನಡಿ ನೋಡಿಕೊಂಡು ತಲೆ ಬಾಚತೊಡಗಿದರು. ಎರಡು ತಿಂಗಳಿಗೇ ಅದನ್ನು ಕೀಳಬೇಕಾಯಿತು; ಈಗ ಅದು ಆಚೆ ಬೀದಿಯ ಕ್ಷೌರದ ಅಂಗಡಿಯಲ್ಲಿದೆ, ಮುಖ ಅಗಲವಾಗಿ ಕಂಡರೂ ಗಿರಾಕಿಗಳ ತಕರಾರಿಲ್ಲ.

ನಾನು ಹಾಲೇಶಪ್ಪನವರ ಗಾಡಿಯ ಪಕ್ಕ ಒಂದು ಸ್ಟೂಲು ಹಾಕಿಸಿಕೊಂಡು ಕುಳಿತೆ. ಮೊದಲ ದಿನ ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ದ್ವಿಚಕ್ರ ವಾಹನ ನೂರ ಹದಿನಾಲ್ಕು, ಆಟೋ ಇಪ್ಪತ್ತೆರಡು, ನಡೆದು ದಾಟಿದವರು ಇನ್ನೂರ ಆರು, ಒಂದು ಎಮ್ಮೆ. ಎಮ್ಮೆಗೂ ಮರೆಯಿತು, ಹಾಲೇಶಪ್ಪ "ಕೆರೆ!" ಎಂದು ಕೂಗಿದರು, ಅದು ಹೋಯಿತು. ಒಬ್ಬೊಬ್ಬರೇ ಬಂದಾಗ ನಡುವೆ ನಿಲ್ಲುವ ಹೊತ್ತು ನಾಲ್ಕು ಸೆಕೆಂಡು. ಇಬ್ಬರು ಒಟ್ಟಿಗೆ ಬಂದಾಗ ಮಾತ್ರ ಹತ್ತೊಂಬತ್ತು, ಇಪ್ಪತ್ತು. ಹಾಲೇಶಪ್ಪ ಆಗ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ಬಗ್ಗಿ, ಒಬ್ಬರ ಮುಖ ನೋಡಿ, ಇನ್ನೊಬ್ಬರ ಮುಖ ನೋಡಿ, ಬೆರಳು ತೋರಿಸಿ, ಆಮೇಲೆ ಕೂಗುತ್ತಿದ್ದರು. ಹಿಂದಿನ ವಾಹನಗಳಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ವಾರಿಜಾ ಟೀಚರ ಕೈ ಮುರಿದದ್ದೂ ಅಂಥದ್ದೇ ಹೊತ್ತಿನಲ್ಲಿ.

"ಮೂವತ್ತು ವರ್ಷದ ಅಭ್ಯಾಸ ನಿಮಗೆ. ಇಬ್ಬರು ಬಂದ್ರೆ ಯಾಕೆ ಇಷ್ಟು ಹೊತ್ತು?" ಎಂದು ಕೇಳಿದೆ.

"ಹುಷಾರಾಗಿರಬೇಕಲ್ಲ ಮೇಡಂ" ಎಂದರು. ಅಷ್ಟರಲ್ಲಿ ಯಾರದೋ ಬಿಳಿ ಅಂಗಿಯ ಬೆನ್ನ ಮೇಲೆ ಪೆಟ್ಟಿಗೆಯ ಆಕಾರ ಕಂದಾಗಿ ಮೂಡಿತ್ತು. ಅವರು ನಾಲಿಗೆ ಕಚ್ಚಿಕೊಂಡರು.

ಇನ್ನೊಂದು ವಿಷಯವನ್ನೂ ನಾನು ಟಿಪ್ಪಣಿ ಮಾಡಿಕೊಂಡೆ. ಹಾಲೇಶಪ್ಪ ಜನ ಹೇಳಿದ ಮಾತನ್ನು ಹಾಗೆ ಹಾಗೇ ವಾಪಸು ಕೊಡುತ್ತಿದ್ದರು. "ದವಾಖಾನೆ" ಎಂದವರಿಗೆ ದವಾಖಾನೆ, "ಆಸ್ಪತ್ರೆ" ಎಂದವರಿಗೆ ಆಸ್ಪತ್ರೆ. ಆದರೆ ಒಂಬತ್ತು ಜನ "ಸ್ಟೇಷನ್" ಎಂದು ಹೇಳಿ ಇಳಿದರು, ಒಂಬತ್ತು ಜನಕ್ಕೂ ಅವರು "ರೈಲು!" ಎಂದು ಕೂಗಿದರು. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ನಾನು ಪುಸ್ತಕದ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಹಾಕಿ ಬಿಟ್ಟೆ.

ಎರಡನೆಯ ದಿನ ಅರ್ಜಿದಾರರನ್ನು ವಿಚಾರಿಸಲು ಮೂಲೆಮನೆಗೆ ಹೋದೆ. ಗುಣವತಿಗೆ ಇಪ್ಪತ್ತೊಂಬತ್ತು. ಅಣ್ಣ ಅತ್ತಿಗೆಯ ಮನೆ. ಬೆಳಗಿನಿಂದ ಅಡುಗೆ, ಮಧ್ಯಾಹ್ನದಿಂದ ಬೀದಿಯವರ ಸೀರೆಗಳಿಗೆ ಫಾಲ್ಸ್ ಹೊಲಿಯುವುದು. ಜಗುಲಿಯಲ್ಲಿ ಚಾಪೆ ಹಾಸಿ ಕೂರಿಸಿ, ನಾನು ಕೇಳುವ ಮೊದಲೇ ಒಳಗಿನಿಂದ ಒಂದು ಚೀಲ ತಂದಿಟ್ಟಳು. ಹಸಿರು ಕ್ಯಾನ್ವಾಸಿನದು, ಒಂದು ಕಿವಿಗೆ ಹೊಸ ಹೊಲಿಗೆ.

"ಇದನ್ನ ಹೆಗಲಿಗೆ ಹಾಕ್ಕೊಂಡು ಇಳಿದೆ ಮೇಡಂ. ಹಾಲೇಶಪ್ಪನಿಗೆ ಹೇಳಿಯೇ ಇಳಿದೆ. ನಡುವೆ ನಿಂತೆ. ನನ್ನ ಎದುರಿಗೆ ಅವರ ಹೆಂಡತಿ ಕೊಟ್ರಮ್ಮ ನಿಂತಿದ್ರು, ಅವರೂ ಎಲ್ಲಿಗೋ ಹೊರಟಿದ್ರು. ಇಬ್ಬರಿಗೂ ಮರೆತಿತ್ತು, ಮುಖ ಮುಖ ನೋಡಿ ನಕ್ವಿ. ಆಮೇಲೆ ಹಾಲೇಶಪ್ಪ ನನಗೆ 'ಬೆಲ್ಲ!' ಅಂತ ಕೂಗಿದ್ರು. ಹೋಗಿ ಒಂದು ಅಚ್ಚು ಬೆಲ್ಲ ತಂದೆ. ಮನೇಲಿ ಇಟ್ಟು, ಸಂಜೆ ಚೀಲ ಬಿಚ್ಚಿದೆ. ಮೂರು ಸೀರೆ, ಒಂದು ತಟ್ಟೆ, ಲೋಟ, ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು. ಬೆಲ್ಲ ತರೋಕೆ ಯಾರಾದ್ರೂ ಮಾರ್ಕ್ಸ್ ಕಾರ್ಡ್ ತಗೊಂಡು ಹೋಗ್ತಾರಾ?"

"ಹಾಲೇಶಪ್ಪನನ್ನ ಕೇಳಲಿಲ್ವಾ?"

"ಮಾರನೇ ದಿನವೇ ಕೇಳಿದೆ. 'ನೀನು ಬೆಲ್ಲ ಅಂತಲೇ ಅಂದೆ ತಾಯಿ' ಅಂದ್ರು. ಕೂಗೋರು ಸುಳ್ಳು ಹೇಳ್ತಾರೆ ಅಂದ್ರೆ ಈ ಬೀದೀಲಿ ಯಾರು ನಂಬ್ತಾರೆ? ನಾನೇ ನಂಬಲಿಲ್ಲ."

"ಮನೆಯವರಿಗೆ ಗೊತ್ತಿರಬೇಕಲ್ಲ, ಎಲ್ಲಿಗೆ ಹೊರಟಿದ್ದೆ ಅಂತ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಯಾರಿಗೂ ಹೇಳಿರಲಿಲ್ಲ. ಹೇಳಿದ್ರೆ ಬಿಡ್ತಿರಲಿಲ್ಲ ಅನ್ನೋದು ನೆನಪಿದೆ. ಹಿಂದಿನ ದಿನವೆಲ್ಲ ನಾನು ತುಂಬಾ ಖುಷಿಯಾಗಿದ್ದೆ ಅನ್ನೋದೂ ನೆನಪಿದೆ ಮೇಡಂ. ಪಾತ್ರೆ ತೊಳೀತಾ ಹಾಡ್ತಿದ್ದೆ ಅಂತ ಅತ್ತಿಗೆ ಬೈದಿದ್ರು. ಯಾತಕ್ಕೆ ಅಷ್ಟು ಖುಷಿ ಅನ್ನೋದು ಮಾತ್ರ ಇಲ್ಲ. ಹನ್ನೊಂದು ವರ್ಷ ಆಯ್ತು. ಈಗ ಅದು ತಿಳಿದ್ರೆ ಏನುಪಯೋಗ ಅಂತ ನೀವು ಕೇಳಬಹುದು."

ನಾನು ಕೇಳಲಿಲ್ಲ. ಪಾತ್ರೆ ತೊಳೆಯುತ್ತಾ ಹಾಡುವಂಥದ್ದು ನನ್ನ ಬದುಕಿನಲ್ಲಿ ಏನಿತ್ತು ಎಂದು ನಾನೇ ತಲೆ ಕೆರೆದುಕೊಳ್ಳುತ್ತಿದ್ದೆ. ಒಳಗಿನಿಂದ ಅತ್ತಿಗೆ, "ಗುಣ, ಹಾಲು ನೋಡೇ" ಎಂದು ಕೂಗಿದರು. ಅವಳು ಚೀಲವನ್ನು ಮಗ್ಗುಲಿಗೆ ಸರಿಸಿ ಎದ್ದಳು.

ಸಂಜೆ ವಾಪಸು ಬರುವಾಗ ಹಾಲೇಶಪ್ಪನವರನ್ನು, ನಿಮ್ಮ ಹೆಂಡತಿ ಎಲ್ಲಿ ಎಂದು ಸುಮ್ಮನೆ ಕೇಳಿದೆ. "ತವರಿಗೆ ಹೋಗ್ಯಾಳೆ" ಎಂದರು. ಯಾವಾಗ ಎಂದು ಕೇಳುವಷ್ಟರಲ್ಲಿ, "ನೀವು ಎಲ್ಲಿಗೆ ಮೇಡಂ?" ಎಂದು ರಸ್ತೆ ತೋರಿಸಿದರು. ಕಚೇರಿ ಎಂದೆ. ನಡುವೆ ನಿಂತಾಗ ನನಗೂ ಎಲ್ಲರಂತೆಯೇ ಆಯಿತು. ಕಂಕುಳಲ್ಲಿ ಒಂದು ಕಡತವಿದೆ, ಕಾಲಲ್ಲಿ ಚಪ್ಪಲಿ ಇದೆ, ಮುಂದೇನು ಎನ್ನುವುದು ಮಾತ್ರ ಇಲ್ಲ. ಭಯವೇನೂ ಆಗುವುದಿಲ್ಲ. ಯಾರಾದರೂ ಏನಾದರೂ ಹೇಳಲಿ, ಹೋಗೋಣ ಎನ್ನಿಸುತ್ತದೆ, ಅಷ್ಟೆ. ಆ ಹೊತ್ತಿನಲ್ಲಿ ಹಾಲೇಶಪ್ಪ "ಕಾಶಿ" ಎಂದು ಕೂಗಿದ್ದರೆ ನಾನು ಚಪ್ಪಲಿ ಸವೆಸಿಕೊಂಡು ಹೋಗಿಬಿಡುತ್ತಿದ್ದೆ. ಅವರು "ಕಚೇರಿ!" ಎಂದರು. ಕಚೇರಿ ತಲುಪಿದ ಮೇಲೆಯೇ ನನಗೆ ಇದೆಲ್ಲ ಹೊಳೆದದ್ದು.

ಮೂರನೆಯ ದಿನ ಬೆಳಗ್ಗೆ ಒಂಬತ್ತೂ ಕಾಲಿಗೆ ಇಬ್ಬರು ಒಟ್ಟಿಗೆ ನಡುವಿಗೆ ಬಂದರು. ಟಿಫನ್ ಕ್ಯಾರಿಯರ್ ಹಿಡಿದ ಒಬ್ಬ ಹೆಂಗಸು, ಆಸ್ಪತ್ರೆ ಎಂದು ಹೇಳಿ ಇಳಿದವರು. ಗಡ್ಡ ಬೆಳೆಸಿಕೊಂಡ ಒಬ್ಬ ಮನುಷ್ಯ, ಕ್ಷೌರದ ಅಂಗಡಿ ಎಂದವರು. ಹಾಲೇಶಪ್ಪ ಬಗ್ಗಿದರು, ನೋಡಿದರು, ಬೆರಳು ಎತ್ತಿದರು. ಬಾಯಿ ಬಿಟ್ಟರೆ ಮಾತು ಹೊರಡಲಿಲ್ಲ. ಬಾವಿಕಟ್ಟೆ ರಸ್ತೆಯ ಇಳಿಜಾರಿನಲ್ಲಿ ಒಂದು ಮರಳು ಟ್ರ್ಯಾಕ್ಟರ್ ಬರುತ್ತಿತ್ತು. ನಾನು ಎದ್ದು ನಿಂತು, ಆ ಹೆಂಗಸಿನ ಕಡೆ ಕೈ ಮಾಡಿ "ಆಸ್ಪತ್ರೆ!" ಎಂದೆ, ಗಡ್ಡದವರ ಕಡೆ ಕೈ ಮಾಡಿ "ಕ್ಷೌರ!" ಎಂದೆ. ಇಬ್ಬರೂ ಅತ್ತಿತ್ತ ಸರಿದ ಮೇಲೆ ಟ್ರ್ಯಾಕ್ಟರ್ ನಡುವೆ ಬಂದು ನಿಂತಿತು. ಡ್ರೈವರನಿಗೂ ಎಲ್ಲಿಗೆ ಎನ್ನುವುದು ಮರೆತು, ಸ್ಟೇರಿಂಗ್ ಮೇಲೆ ಗಲ್ಲ ಊರಿಕೊಂಡು ನಮ್ಮನ್ನೇ ನೋಡುತ್ತಿದ್ದ. "ಮರಳು ಇಳಿಸೋ ಮನೆ!" ಎಂದು ಹಾಲೇಶಪ್ಪ ಹೇಗೋ ಕೂಗಿದರು.

ಆಮೇಲೆ ಅವರು ಕಲ್ಲಿನ ಮೇಲೆ ಕುಳಿತುಬಿಟ್ಟರು. ನಾನು ನೀರು ಕೊಟ್ಟೆ. ಕುಡಿದು ಲೋಟ ಹಿಡಿದುಕೊಂಡೇ ಇದ್ದರು.

"ಸ್ಟೇಷನ್‌ಗೆ ಹೋಗೋರಿಗೆ ಯಾಕೆ ರೈಲು ಅಂತ ಕೂಗ್ತೀರಿ?" ಎಂದು ಕೇಳಿದೆ. ನಾನು ಕೇಳಬೇಕೆಂದಿದ್ದದ್ದು ಟ್ರ್ಯಾಕ್ಟರಿನ ವಿಷಯ. ಬಾಯಿಗೆ ಬಂದದ್ದು ಇದು.

ಹಾಲೇಶಪ್ಪ ಮೂಲೆಮನೆಯ ಜಗುಲಿಯ ಕಡೆ ನೋಡಿದರು. "ಆ ಮಾತು ನನ್ನ ಬಾಯಿಂದ ಒಮ್ಮೆ ಹೋತು ಮೇಡಂ" ಎಂದರು. "ಹೋಗಬಾರದೋರಿಗೆ ಹೋತು. ಆವತ್ತಿಂದ ಅದು ಬರಂಗಿಲ್ಲ."

ಉಳಿದದ್ದನ್ನು ಅವರು ಬಟ್ಟೆ ಮಡಚುತ್ತಾ ಮಡಚುತ್ತಾ ಹೇಳಿದರು. ಆ ಗುರುವಾರ ಹೋಳಿಗೆ ಮಾಡೋಣ ಎಂದು ಕೊಟ್ರಮ್ಮ ಬೆಲ್ಲ ತರಲು ಹೊರಟಿದ್ದರು. ಗುಣವತಿ ಅದೇ ಹೊತ್ತಿಗೆ ಬಂದು, ಗಾಡಿಯ ಹತ್ತಿರ ನಿಂತು, ಯಾರಿಗೂ ಕೇಳದ ಹಾಗೆ, "ಸ್ಟೇಷನ್. ಹನ್ನೊಂದೂವರೆ ಗಾಡಿ" ಎಂದಿದ್ದಳು. ಇಬ್ಬರೂ ಇಳಿದರು. ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ ಹಾಲೇಶಪ್ಪ ಒಂದು ಕಿಡಿ ಕೈಗೆ ಹಾರಿ, ಕೈ ಕೊಡವುತ್ತಾ, ತಲೆ ಎತ್ತದೆ ಕೂಗಿದರು. ಹೆಂಡತಿಯ ಕಡೆಗೆ ಸ್ಟೇಷನ್. ಹುಡುಗಿಯ ಕಡೆಗೆ ಬೆಲ್ಲ.

"ಕೂಗಿದ ಮ್ಯಾಲೆ ನೋಡಿದೆ. ಈ ಹುಡುಗಿ ಮುಖ ಬಾಡಿ ಇಷ್ಟಾಗಿತ್ತು. ಚೀಲ ಎತ್ತಿಕೊಂಡು ಅಂಗಡಿ ಕಡೆ ಹೊಂಟ್ಲು. ನಮ್ಮಾಕೆ ಮುಖ..." ಅವರು ಒಂದು ಅಂಗಿಯ ಗುಂಡಿ ಹಾಕಿದರು. "ಅರಳಿತ್ತು ಮೇಡಂ. ಮದುವೆ ಆಗಿ ಇಪ್ಪತ್ತಾರು ವರ್ಷ, ಆಕೆ ಮುಖ ಹಂಗೆ ಅರಳಿದ್ದು ನಾನು ನೋಡಿರಲಿಲ್ಲ. ಕರೆಯೋಣ ಅಂತ ಬಾಯಿ ತಗದೆ. ಎರಡು ಸಲ ಕೂಗಬಾರದು, ಗಾಡಿ ಬರ್ತಾವೆ, ಸೈಕಲ್ಲಿನವನ ಗತಿ ಆಗ್ತೈತೆ, ಅಂತ ನೆಪ ಇತ್ತಲ್ಲ. ಸಂಜೆಗೆ ಬರ್ತಾಳೆ ಬಿಡು ಅಂದ್ಕೊಂಡೆ."

ಕೊಟ್ರಮ್ಮ ಬರಲಿಲ್ಲ. ಎರಡು ಸ್ಟೇಷನ್ ಆಚೆ ಇಳಿದು, ಅಲ್ಲಿನ ಹೋಟೆಲೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದು ಅಲ್ಲಿಯೇ ಇದ್ದಾರೆ. ವರ್ಷಕ್ಕೊಂದು ಕಾರ್ಡು ಬರುತ್ತದೆ. ಹಾಲೇಶಪ್ಪ ಗಾಡಿಯ ಡ್ರಾಯರಿನಿಂದ ಕಾರ್ಡುಗಳ ಕಟ್ಟು ತೆಗೆದು ಮೇಲಿನದನ್ನು ನನಗೆ ಕೊಟ್ಟರು. ಯಾರಿಂದಲೋ ಬರೆಸಿದ್ದು. "ನೀವು ಕಳಿಸಿದ ಕಡೆ ಬಂದು ಚೆನ್ನಾಗಿದ್ದೇನೆ. ಮುಂದೆ ಹೋಗಿರು, ಹಿಂದೆ ಬರ್ತೀನಿ ಅಂತ ಕಳಿಸಿದಿರೆಂದು ತಿಳಿದಿದ್ದೇನೆ. ಇಲ್ಲಿ ಒಂದು ಕೋಣೆ ಇದೆ. ಯಾವಾಗ ಬರೋಣ ಆಗುತ್ತದೆ?" ಹನ್ನೊಂದು ಕಾರ್ಡಿನಲ್ಲೂ ಕೊನೆಯ ಸಾಲು ಅದೇ ಎಂದು ಹೇಳಿದರು.

ನನಗೆ ಸಿಟ್ಟು ಬಂತು. ಸರ್ಕಾರಿ ಕೆಲಸದಲ್ಲಿ ಸಿಟ್ಟು ಮಾಡಿಕೊಳ್ಳುವುದು ನಾನು ಬಿಟ್ಟು ಬಹಳ ದಿನವಾಗಿತ್ತು. "ಹೋಗಬಹುದಿತ್ತಲ್ಲ ನೀವು?" ಎಂದೆ.

"ಹೋಗಬೇಕಂದ್ರೆ ಇದನ್ನ ದಾಟಬೇಕು. ಯಾರಿಗಾದ್ರೂ ಹೇಳಿ ಕೂಗಿಸಬೇಕು. ಏನಂತ ಹೇಳಲಿ? ಆ ಮಾತು ಹೇಳಬೇಕಲ್ಲ." ಅವರು ಮೂಲೆಮನೆಯ ಕಡೆ ಗಲ್ಲ ಎತ್ತಿದರು. "ಆ ಹುಡುಗಿ ದಿನಾ ಬೆಳಗ್ಗೆ ನನ್ನ ಮುಂದೆ ರಂಗೋಲಿ ಹಾಕ್ತಾಳೆ. ಆಕೆ ರೈಲು ತಪ್ಪಿಸಿ ನಾನು ರೈಲು ಹತ್ತಲಾ? ನಾನು ಹೋದ್ರೆ ಇಲ್ಲಿ ಕೂಗೋರು ಯಾರು? ಹಿಂಗೆಲ್ಲ ಹೇಳ್ಕೊಂಡು ಹೇಳ್ಕೊಂಡೇ ಹನ್ನೊಂದು ವರ್ಷ ಕಳದೆ. ನೀವು ಬರಕೊಳ್ಳಿ ಮೇಡಂ. ಎಲ್ಲಾ ಬರಕೊಳ್ಳಿ."

ಬರೆದುಕೊಳ್ಳಲು ನನ್ನ ನಮೂನೆಯಲ್ಲಿ ಅಂಥದ್ದಕ್ಕೆ ಜಾಗವಿರಲಿಲ್ಲ. "ಅವಳಿಗೆ ನೀವೇ ಹೇಳಿ" ಎಂದೆ. ಅವರು ಎದ್ದು ಮೂಲೆಮನೆಯ ಗೇಟಿನವರೆಗೆ ಹೋದರು. ಗುಣವತಿ ಜಗುಲಿಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಹಾಲೇಶಪ್ಪ ಗೇಟು ಹಿಡಿದು ನಿಂತು ಏನು ಹೇಳಿದರೋ ನನಗೆ ಕೇಳಲಿಲ್ಲ. ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ದಿನವೆಲ್ಲ ಹಾಲೇಶಪ್ಪ ಒಬ್ಬರಿಗೂ ತಪ್ಪು ಕೂಗಲಿಲ್ಲ. ದನಿ ಮಾತ್ರ ಬಿದ್ದುಹೋಗಿತ್ತು, ಜನ ನಡುವಿನಿಂದ "ಏನಂದ್ರಿ?" ಎಂದು ಕೇಳುತ್ತಿದ್ದರು, ನಾನು ಕೂಗಿ ಹೇಳುತ್ತಿದ್ದೆ. ಸಂಜೆ ನಾನು ಹೊರಡುವ ಹೊತ್ತಿಗೆ ಗುಣವತಿ ಹೊರಗೆ ಬಂದಳು. ಕಣ್ಣು ಊದಿಕೊಂಡಿದ್ದವು. ಗಾಡಿಯ ಕಡೆ ನೋಡದೆ ನೇರ ನನ್ನ ಹತ್ತಿರ ಬಂದಳು.

"ಸ್ಟೇಷನ್, ಹನ್ನೊಂದೂವರೆ ಗಾಡಿ. ನೂರು ಸಲ ಹೇಳ್ಕೊಂಡೆ ಮೇಡಂ. ಏನೂ ನೆನಪಾಗಲಿಲ್ಲ. ಯಾರೋ ಪಕ್ಕದ ಮನೆಯವರ ಪ್ರಯಾಣದ ಹಾಗಿದೆ. ಅಲ್ಲೇ ನಿಂತು ಕೇಳಬೇಕು. ನಾಳೆ ಕೇಳ್ತೀನಿ. ಆದ್ರೆ ಅವರ ಬಾಯಿಂದ ನನಗೆ ಬೇಡ. ನೀವು ಕೂಗ್ತೀರಾ?"

ಅರ್ಜಿದಾರರಿಗೆ ಉತ್ತರ ತಲುಪಿಸುವುದು ಪರಿಶೀಲಕರ ಹೊಣೆ ಎಂದು ನಿಯಮವಿದೆ. ಹೇಗೆ ತಲುಪಿಸಬೇಕು ಎಂದು ಇಲ್ಲ. ಕೂಗುತ್ತೇನೆ ಎಂದೆ.

ನಾಲ್ಕನೆಯ ದಿನ ಹನ್ನೊಂದು ಗಂಟೆಗೆ ಐದು ನಿಮಿಷ ಇರುವಾಗ ಗುಣವತಿ ಹಸಿರು ಚೀಲ ಹೆಗಲಿಗೆ ಹಾಕಿಕೊಂಡು ಗೇಟು ತೆಗೆದಳು. "ಅತ್ತಿಗೆ, ಸಾರು ಕುದೀತಿದೆ, ಇಳಿಸ್ಕೊಳ್ಳಿ" ಎಂದು ಒಳಗೆ ಕೂಗಿ ಹೇಳಿದಳು. ಅತ್ತಿಗೆ "ಎಲ್ಲಿಗೆ?" ಎಂದದ್ದು ಕೇಳಿಸಿತು. "ಗೊತ್ತಿಲ್ಲ, ತಿಳ್ಕೊಂಡು ಹೇಳ್ತೀನಿ" ಎಂದಳು.

ನನ್ನ ಬೆನ್ನ ಹಿಂದೆ ಚೊರ್ ಎಂದು ಸದ್ದಾಯಿತು. ತಿರುಗಿದರೆ ಹಾಲೇಶಪ್ಪ ಇಸ್ತ್ರಿ ಪೆಟ್ಟಿಗೆಯ ಕೆಂಡಕ್ಕೆ ನೀರು ಹೊಯ್ದಿದ್ದರು. ಮೈಮೇಲೆ ಗರಿಗರಿಯಾದ ಅಂಗಿ, ಜೇಬಿನಲ್ಲಿ ಕಾರ್ಡುಗಳ ಕಟ್ಟು. ಅವರು ನನ್ನ ಹತ್ತಿರ ಬಂದು ನಿಂತು ಬಾಯಿ ತೆರೆದರು, ಮುಚ್ಚಿದರು. ಎದುರಿನ ರಸ್ತೆಯಲ್ಲಿ ಒಂದು ಆಟೋ ಬರುತ್ತಿತ್ತು. ಕೈ ಮಾಡಿ ಅದನ್ನೂ ನಿಲ್ಲಿಸಿದೆ.

"ಸ್ಟೇಷನ್" ಎಂದರು ಹಾಲೇಶಪ್ಪ. ಅಷ್ಟು ಹೇಳುವಷ್ಟರಲ್ಲಿ ಅವರ ಅಂಗಿಯ ಬೆನ್ನು ಬೆವರಿಂದ ಒದ್ದೆಯಾಗಿತ್ತು. "ಹನ್ನೊಂದೂವರೆ ಗಾಡಿ, ಮೇಡಂ."

ಗುಣವತಿ ಆಗಲೇ ಇಳಿದಿದ್ದಳು. ಹಾಲೇಶಪ್ಪ ಅವಳ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಇಳಿದರು. ಇಬ್ಬರೂ ನಡುವೆ ನಿಂತರು. ಅವಳಿಗೆ ತಾನು ಯಾಕೆ ಬಂದೆ ಎನ್ನುವುದು ಹೋಗಿತ್ತು, ಅವರಿಗೂ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅವರು ತನಗೆ ಮಾಡಿದ್ದು ಅವಳಿಗೆ ಮರೆತಿರಲಿಲ್ಲ, ಅದು ಮರೆಯುವ ಜಾತಿಯದಲ್ಲ, ಅವಳು ನಗಲಿಲ್ಲ. ನನಗೆ ಮೂವತ್ತು ವರ್ಷದ ಅಭ್ಯಾಸವಿಲ್ಲ. ಆದರೆ ಈ ಸಲ ತಪ್ಪಾಗುವ ಹಾಗೇ ಇರಲಿಲ್ಲ.

"ಸ್ಟೇಷನ್! ಹನ್ನೊಂದೂವರೆ ಗಾಡಿ!" ಎಂದು ನಾನು ಒಂದೇ ಸಲ ಕೂಗಿದೆ.

ಹಾಲೇಶಪ್ಪನವರ ಮುಖ ನಾನು ನೋಡುವುದರೊಳಗೆ ಅವರು ತಿರುಗಿ ನಡೆಯತೊಡಗಿದ್ದರು. ಗುಣವತಿ ಮಾತ್ರ ನಿಂತೇ ಇದ್ದಳು. ಚೀಲದ ಕಿವಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಾಲ್ಕು ಸೆಕೆಂಡು ಆಯಿತು, ಹತ್ತಾಯಿತು, ಹತ್ತೊಂಬತ್ತಾಯಿತು. ಮೂರು ಕಡೆಯಿಂದ ವಾಹನಗಳು ಬಂದು ನಿಂತವು, ಯಾರೂ ಹಾರ್ನ್ ಮಾಡಲಿಲ್ಲ. ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಹದಿನೆಂಟು ವರ್ಷದ ಹುಡುಗಿಯ ಮುಖ ಅದು, ನಾನು ಸುಳ್ಳು ಹೇಳುವವಳಲ್ಲ.

"ನರ್ಸಿಂಗ್ ಶಾಲೆ ಮೇಡಂ!" ಎಂದಳು. "ಸೀಟು ಸಿಕ್ಕಿತ್ತು. ಕಾಗದ ಬಂದಿತ್ತು, ಒಲೆಗೆ ಹಾಕಿದ್ದೆ, ಯಾರೂ ನೋಡಬಾರದು ಅಂತ. ಹಾಸ್ಟೆಲ್ಲು, ಬಿಳಿ ಬಟ್ಟೆ, ಎಲ್ಲಾ. ಆವತ್ತು ಸಂಜೆ ಐದರೊಳಗೆ ಹೋಗಿ ಸೇರ್ಕೊಳ್ಳಬೇಕಿತ್ತು. ಅದೇ ಕೊನೇ ದಿನ."

ಹೇಳುತ್ತಾ ಹೇಳುತ್ತಾ ಅವಳಿಗೆ ಲೆಕ್ಕ ತಿಳಿಯಿತು. ನನಗೂ ತಿಳಿಯಿತು. ಆ ಕ್ಷಣ ನನಗೆ ನನ್ನ ಮೇಲೆ, ನನ್ನ ಕಡತದ ಮೇಲೆ, ಅರ್ಧಕ್ಕೆ ಮುಚ್ಚದ ನನ್ನ ಅಭ್ಯಾಸದ ಮೇಲೆ ಹೇಸಿಗೆಯಾಯಿತು. ಬೆಲ್ಲಕ್ಕೇ ಹೊರಟಿದ್ದೆ ಎಂದು ಅವಳು ನಂಬಿಕೊಂಡೇ ಇದ್ದಿದ್ದರೆ ಏನು ಹೋಗುತ್ತಿತ್ತು?

"ಗುಣವತಿ, ಹನ್ನೊಂದು ವರ್ಷ ಆಯ್ತಲ್ಲಮ್ಮ" ಎಂದೆ. "ಈಗ ತಗೋತಾರೋ ಇಲ್ವೋ."

ಅವಳು ಚೀಲವನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಆಟೋದವನು ಅವಳಿಗಾಗಿ ಸ್ವಲ್ಪ ಹಿಂದಕ್ಕೆ ಸರಿದ.

"ಕೇಳಿ ನೋಡ್ತೀನಿ ಮೇಡಂ" ಎಂದಳು. "ಕೇಳೋದ್ರಲ್ಲಿ ಏನು ಹೋಗುತ್ತೆ?"

ಅವಳು ಸ್ಟೇಷನ್ ರಸ್ತೆ ಹಿಡಿದಳು. ಮುಂದೆ ಹಾಲೇಶಪ್ಪ ನಿಂತು ಕಾಯುತ್ತಿದ್ದರು. ಅವಳು ಹತ್ತಿರ ಬಂದಾಗ ಚೀಲಕ್ಕೆ ಕೈ ಚಾಚಿದರು. ಅವಳು ಕೊಡಲಿಲ್ಲ. ಅವರನ್ನು ದಾಟಿ ಹೋದಳು. ಅವರು ಕೈ ಹಿಂದಕ್ಕೆ ತೆಗೆದುಕೊಂಡು, ಹತ್ತು ಹೆಜ್ಜೆ ಬಿಟ್ಟು ಅವಳ ಹಿಂದೆ ನಡೆದರು. ತಿರುವಿನವರೆಗೂ ಆ ಹತ್ತು ಹೆಜ್ಜೆ ಹಾಗೇ ಇತ್ತು.

ನಾನು ವರದಿಯನ್ನು ಆ ಸ್ಟೂಲಿನ ಮೇಲೆಯೇ ಕುಳಿತು ಬರೆದೆ. ಒಂದನೇ ಅಂಶ: ಹಂಪು, ಕನ್ನಡಿ, ಬೋರ್ಡುಗಳ ಅಗತ್ಯವಿಲ್ಲ. ಎರಡನೇ ಅಂಶ: ಬೇರೆಯವರು ಸಿಗುವವರೆಗೆ ಪರಿಶೀಲಕರೇ ಕೂಗುವುದು; ನಡುವೆ ಒಬ್ಬರಿರುವಾಗ ಇನ್ನೊಬ್ಬರು ಇಳಿಯಕೂಡದು; ಇಬ್ಬರೂ ಹೋಗುವ ಜಾಗ ಒಂದೇ ಆಗಿದ್ದಲ್ಲಿ ಮಾತ್ರ ಇದಕ್ಕೆ ವಿನಾಯಿತಿ. ಮೂರನೇ ಅಂಶಕ್ಕೆ ಬಂದಾಗ ಗೇಟಿನ ಸದ್ದಾಯಿತು. ಗುಣವತಿಯ ಅತ್ತಿಗೆ ಸಾರಿನ ಸೌಟು ಹಿಡಿದುಕೊಂಡೇ ಬಂದು ನಿಂತಿದ್ದರು. ರಸ್ತೆಯ ಉದ್ದಕ್ಕೂ ನೋಡಿದರು. ತಣ್ಣಗಾದ ಇಸ್ತ್ರಿ ಪೆಟ್ಟಿಗೆ ನೋಡಿದರು.

"ಎಲ್ಲಿಗೆ ಹೋದ್ಲು ಅವಳು?" ಎಂದು ಕೇಳಿದರು.

ದೂರದಲ್ಲಿ ಹನ್ನೊಂದೂವರೆ ಗಾಡಿ ಕೂಗಿತು. ನಾನು ಮೂರನೇ ಅಂಶದ ಮುಂದೆ ಒಂದು ಸಾಲು ಬರೆದು, ಪೆನ್ನು ಎತ್ತಿ, ಅದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ: "ಅರ್ಜಿದಾರರು ಹೊರಟಿದ್ದ ಕಡೆಗೇ ಹೋಗಿದ್ದಾರೆ."